ಮೂವತ್ತೆರಡು ಎಲೆ, ಹನ್ನೊಂದು ಸಾವಿರ ಸಾಲು

ಕೋಲ್ಕತ್ತಕ್ಕೆ ಬಂದು ಬಿದ್ದ ಕನ್ನಡಿಗನಿಗೆ ಬಂಗಾಳಿ ಕಲಿಯೋಕೆ ಇಸ್ಪೀಟಿನಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಇಸ್ಪೀಟಿಗೆ ಇಲ್ಲಿ ‘ತಾಶ್’ ಅಂತಾರೆ. ಗುಲಾಮ ಇಲ್ಲೂ ಗುಲಾಮನೇ, ಬಾಯಿ ಸ್ವಲ್ಪ ದುಂಡಗೆ ಮಾಡಿ ‘ಗೋಲಾಮ್’ ಅಂದರೆ ಆಯಿತು. ತುರುಪು ‘ತುರುಪ್’. ತುರುಪಿನ ಎಲೆ ಅಂತ ನಾವು ಯಾವ ಅರ್ಥದಲ್ಲಿ ಹೇಳುತ್ತೇವೋ ಇವರೂ ಅದೇ ಅರ್ಥದಲ್ಲಿ ಹೇಳುತ್ತಾರೆ. ಬಣ್ಣಗಳ ಹೆಸರು ಮಾತ್ರ ಬೇರೆ. ಇಸ್ಪೇಟಿಗೆ ‘ಇಸ್ಕಾಪೊನ್’, ಆಟೀನಿಗೆ ‘ಹರ್ತೊನ್’, ಡೈಮಂಡಿಗೆ ‘ರುಯಿತೊನ್’. ಇವು ಡಚ್ ಭಾಷೆಯಿಂದ ಬಂದ ಪದಗಳು. ಹೂಗ್ಲಿ ದಂಡೆಯ ಚಿನ್ಸುರಾ 1825ರವರೆಗೆ ಡಚ್ಚರ ಕೈಯಲ್ಲಿತ್ತು. ಅವರು ಹೋದರು, ಅವರ ಎಲೆಗಳ ಹೆಸರು ಇಲ್ಲೇ ಉಳಿಯಿತು.

ನಾನು ಪುತ್ತೂರಿನ ಕಡೆಯವನು. ನಮ್ಮಲ್ಲಿ ಮದುವೆ ಮನೆಯ ಹಿಂದಿನ ರಾತ್ರಿ ಅಂದರೆ ಇಪ್ಪತ್ತೆಂಟು ಆಟ. ಇಲ್ಲಿ ಅದರ ಖಾಸಾ ತಮ್ಮನಿದ್ದಾನೆ, ಅವನ ಹೆಸರು ಇಪ್ಪತ್ತೊಂಬತ್ತು. ನಾಲ್ಕು ಜನ, ಎದುರು ಬದುರು ಕೂತವರು ಜೋಡಿ. ಏಳರಿಂದ ಎಕ್ಕದವರೆಗಿನ 32 ಎಲೆ ಮಾತ್ರ. ರಾಜ ರಾಣಿಯರಿಗೆ ಇಲ್ಲಿ ಬೆಲೆ ಇಲ್ಲ, ಗುಲಾಮನೇ ದೊಡ್ಡವ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1. ಕೂಡಿದರೆ ನಾಲ್ಕು ಬಣ್ಣಕ್ಕೆ 28. ಕೊನೆಯ ಪಟ್ಟು ಹೊಡೆದವನಿಗೆ ಇನ್ನೊಂದು ಸೇರಿಸಿದರೆ 29. ಮೊದಲು ನಾಲ್ಕೇ ಎಲೆ ಹಂಚಿ ಕೂಗಬೇಕು, ಹೆಚ್ಚು ಕೂಗಿದವನು ತುರುಪನ್ನು ಮುಚ್ಚಿಡಬೇಕು, ಆಮೇಲೆ ಉಳಿದ ನಾಲ್ಕು ಎಲೆ. ಇಷ್ಟು ಗೊತ್ತಿದ್ದರೆ ಯಾವ ಓಣಿಯ ಜಗಲಿಯಲ್ಲೂ ನಿಮಗೆ ಒಂದು ಜಾಗ ಸಿಗುತ್ತೆ.

ನಾವು ಬಾಡಿಗೆಗಿದ್ದದ್ದು ಲೇಕ್ ಮಾರ್ಕೆಟ್ ಹತ್ತಿರ. ಕರಿಬೇವು, ಕಾಫಿಪುಡಿ ಸಿಗುತ್ತೆ ಅಂತ ದಕ್ಷಿಣದವರೆಲ್ಲ ಹುಡುಕಿಕೊಂಡು ಬರುವ ಜಾಗ ಅದು. ಕೆಳಗಿನ ಮನೆಯ ಯಜಮಾನರನ್ನು ನಾನು ‘ಮೇಶೊಮೊಶಾಯ್’ ಅಂತಿದ್ದೆ, ಅಂದರೆ ಚಿಕ್ಕಪ್ಪ ಅಂತ ಇಟ್ಟುಕೊಳ್ಳಿ. ಎಂಬತ್ತು ದಾಟಿದ ವಯಸ್ಸು, ಒಂಟಿ ಜೀವ. ದಿನಾ ಸಂಜೆ ಆರಕ್ಕೆ ಹಳೇ ಕಂಪ್ಯೂಟರಿನ ಮುಂದೆ ಕೂತು ಇಪ್ಪತ್ತೊಂಬತ್ತು ಆಡೋರು. ಪರದೆಯಲ್ಲಿ ಅವರ ಎದುರು ಮೂರು ಆಟಗಾರರು. ಹೆಸರಿಲ್ಲ, ಬರೀ ಎರಡು, ಮೂರು, ನಾಲ್ಕು.

ಒಂದು ದಿನ ಅವರು ಮೆಟ್ಟಿಲು ಹತ್ತಿ ಬಂದರು. “ನೀನು ಕಂಪ್ಯೂಟರ್ ಕೆಲಸದವನಲ್ವಾ? ನನ್ನ ಆಟ ನಿಂತುಹೋಗಿದೆ.” ಹೋಗಿ ನೋಡಿದೆ. ಕೊನೆಯ ಎಲೆ ಬಿದ್ದ ತಕ್ಷಣ ‘ರನ್‌ಟೈಮ್ ಎರರ್ 6, ಓವರ್‌ಫ್ಲೋ’ ಅಂತ ತೋರಿಸಿ ಪ್ರೋಗ್ರಾಂ ಮುಚ್ಚಿಕೊಳ್ಳುತ್ತಿತ್ತು. ಮತ್ತೆ ತೆರೆದರೂ ಅದೇ ಕಥೆ. ಬರೆದದ್ದು ಯಾರು ಅಂತ ಕೇಳಿದೆ. “ನಮ್ಮ ನಾಲ್ಕನೆಯವನು,” ಅಂದರು.

ಕಥೆ ಹೀಗೆ. ಒಂದು ಕಾಲದಲ್ಲಿ ನಾಲ್ಕು ಜನ ಗೆಳೆಯರು ಆ ಮನೆಯ ಜಗಲಿಯಲ್ಲಿ ದಿನವೂ ಕೂರುತ್ತಿದ್ದರು. ಒಬ್ಬರು ಮಗಳ ಮನೆಗೆ ಪುಣೆಗೆ ಹೋದರು. ಇನ್ನೊಬ್ಬರು ತೀರಿಕೊಂಡರು. ಉಳಿದಿಬ್ಬರಲ್ಲಿ ಒಬ್ಬರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಕಾಲೇಜ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಲ್ಲಿ ಒಂದು ವಿಶುಯಲ್ ಬೇಸಿಕ್ ಪುಸ್ತಕ ಕೊಂಡು, ಅರವತ್ತೆಂಟನೇ ವಯಸ್ಸಿನಲ್ಲಿ ಪ್ರೋಗ್ರಾಂ ಬರೆಯೋದು ಕಲಿತರಂತೆ. ನಮಗೆ ಕಂಪ್ಯೂಟರ್ ಅಂದರೆ ಬೆಂಗಳೂರು ಅಂತ ಒಂದು ಹೆಮ್ಮೆ. ಆದರೆ ನೋಡಿ, 1956ರಲ್ಲೇ ಇದೇ ಊರಿನ ಬರಾನಗರದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದೇಶದ ಮೊದಲ ಡಿಜಿಟಲ್ ಗಣಕ ಕೆಲಸ ಶುರುಮಾಡಿತ್ತು. ಗುಮಾಸ್ತರು ಕಲಿತರೆ ಆಶ್ಚರ್ಯ ಏನಿಲ್ಲ.

ಮೂಲ ಕೋಡ್ ಅದೇ ಯಂತ್ರದಲ್ಲಿತ್ತು. ತೆರೆದೆ. ಹನ್ನೊಂದು ಸಾವಿರ ಸಾಲು! ಮೂವತ್ತೆರಡು ಎಲೆಯ ಆಟಕ್ಕೆ!

ಯಾಕೆ ಅಷ್ಟು ಅಂತ ಹುಡುಕಿದರೆ ಲೆಕ್ಕ ಸಿಕ್ಕಿತು. ಎರಡು ಎಲೆಯಲ್ಲಿ ಯಾವುದು ದೊಡ್ಡದು ಅನ್ನೋದು ಈ ಆಟದ ಜೀವ. 32 ಎಲೆಗಳಲ್ಲಿ ಒಂದೊಂದನ್ನೂ ಉಳಿದ 31ರ ಎದುರು ಇಟ್ಟರೆ 992 ಜೋಡಿ ಆಗುತ್ತೆ. ಗುಮಾಸ್ತರು 992 ಜೋಡಿಗೂ ಒಂದೊಂದು ‘ಹೀಗಿದ್ದರೆ ಹಾಗೆ’ ಬರೆದಿದ್ದರು. ತುರುಪು ಇಸ್ಪೇಟಾದರೆ ಒಂದು ಸಲ, ಆಟೀನಾದರೆ ಮತ್ತೊಂದು ಸಲ, ಹೀಗೆ ನಾಲ್ಕು ಬಣ್ಣಕ್ಕೆ ನಾಲ್ಕು, ತುರುಪು ಇನ್ನೂ ಮುಚ್ಚಿಕೊಂಡಿದ್ದರೆ ಐದನೆಯದು. ಒಟ್ಟು 4,960 ಷರತ್ತು, ಒಂದೊಂದಕ್ಕೆ ಎರಡು ಸಾಲು. ಹತ್ತು ಸಾವಿರ ಸಾಲು ಇಲ್ಲೇ ಮುಗಿಯಿತು. ಕಚೇರಿಯ ಖಾತೆ ಪುಸ್ತಕ ಬರೆದಷ್ಟು ಅಚ್ಚುಕಟ್ಟು, ಒಂದು ತಪ್ಪಿಲ್ಲ. ನಮ್ಮ ಕಸುಬಿನಲ್ಲಿ ಇದನ್ನು ಎಂಟು ಅಂಕಿಯ ಒಂದು ಪಟ್ಟಿಯಲ್ಲಿ ಮುಗಿಸುತ್ತೇವೆ. ಗುಲಾಮನಿಗೆ 8, ಒಂಬತ್ತಕ್ಕೆ 7, ಎಕ್ಕಕ್ಕೆ 6, ಹೀಗೇ ಇಳಿದು ಏಳಕ್ಕೆ 1. ಒಂದೇ ಬಣ್ಣವಾದರೆ ದೊಡ್ಡ ಅಂಕಿ ಗೆದ್ದಿತು, ತೆರೆದ ತುರುಪಾದರೆ ಅದು ಗೆದ್ದಿತು. ನಲವತ್ತು ಸಾಲಿನ ಕೆಲಸ.

ನಿಂತುಹೋದದ್ದಕ್ಕೆ ಕಾರಣ ಮಾತ್ರ ಈ ಕಾಡಿನಲ್ಲಿರಲಿಲ್ಲ. ಪ್ರತಿ ಆಟ ಮುಗಿದಾಗ ಒಂದು ಎಣಿಕೆ ಹೆಚ್ಚಾಗುತ್ತಿತ್ತು. ಅದನ್ನವರು ‘ಇಂಟೀಜರ್’ ಅಂತ ಇಟ್ಟಿದ್ದರು. ಆ ಹಳೇ ವಿಶುಯಲ್ ಬೇಸಿಕ್‌ನಲ್ಲಿ ಇಂಟೀಜರ್ ಅಂದರೆ 16 ಬಿಟ್ಟಿನ ಡಬ್ಬಿ, ಅದರಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸೋದಿಲ್ಲ. ಕಡತ ತೆರೆದು ನೋಡಿದೆ. ಎಣಿಕೆ ಸರಿಯಾಗಿ 32,767ಕ್ಕೆ ಬಂದು ನಿಂತಿತ್ತು. ದಿನಕ್ಕೆ ಹನ್ನೆರಡು ಆಟ ಅಂದರೂ ಏಳೂವರೆ ವರ್ಷ. ಗುಮಾಸ್ತರು ತೀರಿಕೊಂಡು ಹತ್ತಿರ ಹತ್ತಿರ ಅಷ್ಟೇ ಕಾಲವಾಗಿತ್ತು.

ಇಂಟೀಜರನ್ನು ‘ಲಾಂಗ್’ ಮಾಡಿದರೆ ಆಯಿತು, ಇನ್ನು 214 ಕೋಟಿ ಆಟ ಆಡಬಹುದು. ಒಂದು ಪದದ ರಿಪೇರಿ. ಆದರೆ ಆ ಯಂತ್ರ ಇವತ್ತೋ ನಾಳೆಯೋ ಅನ್ನೋ ಹಾಗಿತ್ತು. ನನ್ನ ಹಳೇ ಲ್ಯಾಪ್‌ಟಾಪಿಗೆ ಹಾಕಿಕೊಡ್ತೀನಿ, ಹಾಗೇ ಕೋಡನ್ನೂ ಸ್ವಚ್ಛ ಮಾಡ್ತೀನಿ ಅಂದೆ.

ಸ್ವಚ್ಛ ಮಾಡೋದು ಅಂದರೇನು? ಥಾಮಸ್ ಮೆಕೇಬ್ ಎಂಬುವರು 1976ರಲ್ಲೇ ಇದಕ್ಕೊಂದು ಅಳತೆ ಕೊಟ್ಟರು. ಕೋಡಿನ ಒಂದು ತುಂಡಿನಲ್ಲಿ ಎಷ್ಟು ಕವಲುದಾರಿ ಇದೆ ಅಂತ ಎಣಿಸಿ, ಹತ್ತು ದಾಟಿದರೆ ಎಚ್ಚರ ಅಂದರು. ನಮ್ಮ ಗುಮಾಸ್ತರದ್ದು ಸಾವಿರದ ಸಮೀಪ. ಆದರೆ ಫ್ರೆಡ್ ಬ್ರೂಕ್ಸ್ 1986ರಲ್ಲಿ ಹೇಳಿದ ಮಾತು ನನಗೆ ಇನ್ನೂ ಹೆಚ್ಚು ಉಪಯೋಗಕ್ಕೆ ಬಂದಿದೆ. ಜಟಿಲತೆಯಲ್ಲಿ ಎರಡು ಜಾತಿ. ಒಂದು ವಿಷಯದ ಒಡಲಲ್ಲೇ ಇರೋದು, ಇನ್ನೊಂದು ನಾವು ಮಾಡುವ ರೀತಿಯಿಂದ ಅಂಟಿಕೊಂಡದ್ದು. ಎರಡನೆಯದನ್ನು ತೆಗೆಯಬಹುದು, ಮೊದಲನೆಯದನ್ನು ತೆಗೆದರೆ ವಿಷಯವೇ ಹೋಗುತ್ತೆ.

ಇಸ್ಪೀಟಿನಲ್ಲೇ ಇದಕ್ಕೆ ಉದಾಹರಣೆ ಬೇಕಾದಷ್ಟಿದೆ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಗಂಜೀಫ ಅಂದರೆ ಪ್ರಾಣ. ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ಯಲ್ಲಿ ಹೊಸ ಹೊಸ ‘ಛದ’ ಆಟಗಳನ್ನೇ ಕಟ್ಟಿಸಿದರು. ಒಂದು ಬಣ್ಣಕ್ಕೆ 18 ಎಲೆ, ಒಂದು ಕಟ್ಟಿನಲ್ಲಿ 360ರವರೆಗೂ ಎಲೆಗಳು! ಚಿತ್ರ ನೋಡಿದರೆ ಕಣ್ಣಿಗೆ ಹಬ್ಬ, ಆದರೆ ಆಟ ಅರಮನೆ ದಾಟಿ ಜಗಲಿಗೆ ಬರಲಿಲ್ಲ. ಇಲ್ಲಿ ಬಾಂಕುರಾ ಜಿಲ್ಲೆಯ ಬಿಷ್ಣುಪುರದಲ್ಲಿ ಮಲ್ಲ ರಾಜರ ಕಾಲದಿಂದ ದಶಾವತಾರ ತಾಶ್ ಇದೆ, ದುಂಡನೆಯ 120 ಎಲೆ, ಅವತಾರಕ್ಕೆ ಹನ್ನೆರಡು. ಹರಪ್ರಸಾದ ಶಾಸ್ತ್ರಿಗಳು 1895ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಎಲೆಗಳ ಬಗ್ಗೆ ಬರೆದಿದ್ದಾರೆ. ಅದರಲ್ಲಿ ಆಟ ಶುರುವಾಗುವಾಗ ಹಗಲೋ ರಾತ್ರಿಯೋ, ಮಳೆ ಬರ್ತಾ ಇದೆಯೋ ಅಂತ ನೋಡಿ ಯಾವ ಅವತಾರ ಮುಂದು ಅಂತ ತೀರ್ಮಾನವಂತೆ. ಪ್ರೋಗ್ರಾಂ ಬರೆಯೋನು ತಲೆ ಚಚ್ಚಿಕೊಳ್ಳಬೇಕು. ಆದರೆ ಅದು ತೆಗೆಯುವ ಗಂಟಲ್ಲ, ಆಟವೇ ಅದು.

ಹತ್ತು ಸಾವಿರ ಸಾಲು ನಲವತ್ತಕ್ಕೆ ಇಳಿಯಿತು. ಉಳಿದ ಒಂದು ಸಾವಿರದಲ್ಲಿ ಆ ಮೂರು ಆಟಗಾರರಿದ್ದರು. ಅಲ್ಲೊಂದು ಷರತ್ತು ಕಂಡಿತು. ತಿಂಗಳು ಜೂನ್‌ನಿಂದ ಸೆಪ್ಟೆಂಬರ್ ಆದರೆ ಎರಡನೇ ಆಟಗಾರ ಒಂದು ಹೆಚ್ಚು ಕೂಗಬೇಕು. ಇಪ್ಪತ್ತೊಂಬತ್ತಿನ ನಿಯಮದಲ್ಲಿ ತಿಂಗಳಿಗೇನು ಕೆಲಸ? ಅಳಿಸುವ ಮೊದಲು ಕೆಳಗೆ ಹೋಗಿ ಕೇಳಿದೆ. ಮೇಶೊ ನಕ್ಕರು. ಮಳೆ ಬಂದರೆ ಜಗಲಿ ಬಿಟ್ಟು ಒಳಗೆ ಆಡೋರು, ಮಂಡಕ್ಕಿ, ಬಿಸಿ ಬೋಂಡ ಬರೋದು, ಪುಣೆಗೆ ಹೋದ ಗೆಳೆಯರು ಹುಮ್ಮಸ್ಸಿನಲ್ಲಿ ಕೈಯಲ್ಲಿ ಏನಿಲ್ಲದಿದ್ದರೂ ಹದಿನೆಂಟು, ಹತ್ತೊಂಬತ್ತು ಅಂತ ಕೂಗೋರಂತೆ. ಆ ಸಾಲನ್ನು ಹಾಗೇ ಬಿಟ್ಟೆ. ಮೂರನೆಯವರು ಎದುರಾಳಿಗೆ ಎಕ್ಕ ಕೊಡೋದಕ್ಕಿಂತ ತುರುಪು ಹಾಳುಮಾಡಿಕೊಳ್ಳೋರು. ಅದನ್ನೂ ಬಿಟ್ಟೆ.

ಹೊಸ ಯಂತ್ರದಲ್ಲಿ ಆಟ ಶುರುವಾದ ಎರಡನೇ ದಿನವೇ ದೂರು ಬಂತು. “ಎಲ್ಲ ಸರಿ ಇದೆ, ಆದರೆ ಇವನು ಅವನಲ್ಲ. ನಾಲ್ಕನೆಯವನು ಇಷ್ಟು ಬೇಗ ಎಲೆ ಹಾಕೋನೇ ಅಲ್ಲ.” ಕೋಡ್ ನೋಡಿದೆ. ನಾಲ್ಕನೇ ಆಟಗಾರ ಎಲೆ ಹಾಕುವ ಮುಂಚೆ ಒಂದು ಖಾಲಿ ಲೂಪ್, ಸುಮ್ಮನೆ ಕೋಟಿಗಟ್ಟಲೆ ಎಣಿಸೋದು, ಬೇರೇನೂ ಮಾಡೋದಿಲ್ಲ. ನಿಧಾನದ ಹಳೇ ಯಂತ್ರದಲ್ಲಿ ಅದಕ್ಕೆ ಮೂರ್ನಾಲ್ಕು ಸೆಕೆಂಡು ಹಿಡಿಯುತ್ತಿತ್ತು, ನನ್ನ ಲ್ಯಾಪ್‌ಟಾಪಿನಲ್ಲಿ ಕಣ್ಣು ಮಿಟುಕಿಸೋದರೊಳಗೆ ಮುಗಿಯುತ್ತಿತ್ತು. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬಂಗಾಳಿ ಟಿಪ್ಪಣಿ. ಅಕ್ಷರ ಕೂಡಿಸಿ ಓದಿದೆ. ‘ಇಲ್ಲಿ ನಾನು ಯೋಚಿಸುತ್ತಿದ್ದೇನೆ.’

ಕಾಯಿಲೆ ಗೊತ್ತಾದ ಮೇಲೆ ಕೊನೆಗೆ ಬರೆದ ಭಾಗ ಅದಂತೆ. ಹೋದವರಿಬ್ಬರನ್ನು ಬರೆದು ಮುಗಿಸಿ, ತನ್ನನ್ನೂ ಬರೆದುಕೊಂಡಿದ್ದರು. ಬರೆಯುವಾಗ ತನ್ನ ಮೇಲೆ ಗೆಳೆಯರು ಮಾಡುತ್ತಿದ್ದ ತಮಾಷೆಯನ್ನೂ ಬಿಟ್ಟಿರಲಿಲ್ಲ.

ಲೂಪ್ ತೆಗೆದು ಗಡಿಯಾರ ನೋಡಿ ಮೂರೂವರೆ ಸೆಕೆಂಡು ಕಾಯುವ ಹಾಗೆ ಮಾಡಿದೆ. ಟಿಪ್ಪಣಿಯನ್ನು ಅಲ್ಲೇ ಇಟ್ಟೆ. ಮಾರನೇ ದಿನ ಮೇಶೊ ಏನೂ ಹೇಳಲಿಲ್ಲ, ಸಂಜೆ ಒಂದು ತಟ್ಟೆ ಸಂದೇಶ್ ಮೇಲೆ ಬಂತು.

ಊರು ಬಿಟ್ಟು ಇರುವವರ ತಲೆಯಲ್ಲೂ ಇಂಥ ಕೋಡ್ ಬಹಳ ಇರುತ್ತೆ. ಕೋಲ್ಕತ್ತದಲ್ಲಿ ಕೂತು ಪತ್ತನಾಜೆಯ ಮಳೆ ಲೆಕ್ಕ ಹಾಕೋದು, ಊರಿನ ಬಸ್ಸಿನ ವೇಳೆ ನೆನಪಿಟ್ಟುಕೊಳ್ಳೋದು, ಯಾರೂ ಇಲ್ಲದ ಮನೆಯ ಬಾವಿಗೆ ಈಗ ಎಷ್ಟು ನೀರಿರಬಹುದು ಅಂತ ಯೋಚಿಸೋದು. ಹೊರಗಿನವರು ನೋಡಿದರೆ ಇದೆಲ್ಲ ಯಾಕಪ್ಪಾ ಅನ್ನಬಹುದು. ಅಳಿಸುವ ಮುಂಚೆ ಒಂದು ಮಾತು ಕೇಳಲಿ ಅಂತಷ್ಟೇ ನನ್ನ ಆಸೆ.

ಈಗ ಶನಿವಾರ ಸಂಜೆ ಮೂರನೆಯವರ ಜಾಗದಲ್ಲಿ ನಾನು ಆಡುತ್ತೇನೆ, ಅದಕ್ಕೊಂದು ಗುಂಡಿ ಸೇರಿಸಿದ್ದೇನೆ. ಪರದೆಯಲ್ಲಿ ನನ್ನ ಎಲೆ ತೆರೆದುಕೊಂಡಾಗ ಮೇಶೊ ಕನ್ನಡಕ ತೆಗೆದು ಕಿಟಕಿಯ ಕಡೆ ನೋಡುತ್ತಾರೆ, ಕಳ್ಳತನ ಮಾಡೋದಿಲ್ಲ. ಅಭ್ಯಾಸಬಲದಿಂದ ನಾನು ನಮ್ಮ ಇಪ್ಪತ್ತೆಂಟಿನ ಹಾಗೆ ಹದಿನಾಲ್ಕಕ್ಕೆ ಕೂಗು ಶುರುಮಾಡಿದರೆ, “ಇದು ನಿಮ್ಮೂರಲ್ಲ, ಹದಿನಾರು ಅನ್ನು,” ಅಂತ ಗದರುತ್ತಾರೆ. ಅನ್ನುತ್ತೇನೆ. ಆಮೇಲೆ ನಾಲ್ಕನೆಯವರ ಸರದಿ. ಇಬ್ಬರೂ ಮಾತಿಲ್ಲದೆ ಕಾಯುತ್ತೇವೆ.