ಅಂಚೆಯ ಯಂತ್ರದ ಹಸಿವು

ಇ-ಮೇಲ್ ಹಂಚುವ ಸರ್ವರನ್ನು ನೋಡಿಕೊಳ್ಳುವವನ ಬಾಳು ಹಳ್ಳಿಯ ನೀರುಗಂಟಿಯ ಬಾಳಿನಂತೆಯೇ ಸರಿ. ನೀರು ಹರಿಯುವವರೆಗೂ ಅವನನ್ನು ಕೇಳುವವರಿಲ್ಲ. ನಿಂತೊಡನೆ ಊರೆಲ್ಲ ಅವನ ಬಾಗಿಲಿಗೆ ಬರುವುದು. ಇಂತಹವನೊಬ್ಬನು ಬೆಳಗ್ಗೆ ಎದ್ದು ನೋಡಲು, ಯಂತ್ರದ ಮೆಮರಿಯೆಲ್ಲ ತೀರಿದೆ. ಕಾಗದಗಳು ಹೊಸ್ತಿಲಿನ ಹೊರಗೇ ನಿಂತಿವೆ. ಅವುಗಳಲ್ಲಿ ಯಾರದೋ ಉದ್ಯೋಗದ ಕರೆಯಿರಬಹುದು, ಯಾವುದೋ ಮನೆಗೆ ಆಸ್ಪತ್ರೆಯಿಂದ ಬರಬೇಕಾದ ವರದಿಯಿರಬಹುದು. ಆಗ ಮೊದಲು ತೋರುವ ಉಪಾಯವೆಂದರೆ ಯಂತ್ರವನ್ನು ನಿಲ್ಲಿಸಿ ಪುನಃ ಹೊರಡಿಸುವುದು. ಅಂದಿನ ಕಷ್ಟವು ಇದರಿಂದ ಕಳೆಯುವುದೇನೋ ದಿಟ. ಆದರೆ ಕಳ್ಳನ ಹೆಜ್ಜೆಯ ಗುರುತನ್ನು ಮನೆಯವನೇ ಗುಡಿಸಿಹಾಕಿದಂತಾಗುವುದು.

ತಾಳ್ಮೆಯುಳ್ಳವನು ಮೊದಲು ಲೆಕ್ಕವನ್ನು ಓದಲು ಕಲಿಯುವನು. ಲಿನಕ್ಸ್ ವ್ಯವಸ್ಥೆಯು ಬಿಡುವಾದ ಮೆಮರಿಯನ್ನು ವ್ಯರ್ಥವಾಗಿ ಬಿಡುವುದಿಲ್ಲ. ಡಿಸ್ಕಿನಿಂದ ಓದಿದ ಕಡತಗಳನ್ನು ಅದರಲ್ಲಿ ಇಟ್ಟುಕೊಂಡಿದ್ದು, ಬೇಕೆಂದವರಿಗೆ ಒಡನೆ ತೆರವು ಮಾಡಿಕೊಡುವುದು. ಆದುದರಿಂದ 'ಖಾಲಿ' ಎಂಬ ಅಂಕಣವು ಸೊನ್ನೆಯ ಸಮೀಪಕ್ಕೆ ಬಂದಿತೆಂದು ಹೌಹಾರಬೇಕಾದುದಿಲ್ಲ. ನಿಜವಾಗಿ ಎಷ್ಟು ದೊರೆಯಬಲ್ಲುದೆಂಬ ಅಂದಾಜನ್ನು 2014ರಿಂದ ಲಿನಕ್ಸೇ ಬೇರೆಯಾಗಿ ತೋರಿಸುತ್ತಿದೆ. ಅದೂ ಕುಗ್ಗಿದ್ದರೆ ರೋಗವು ನಿಜ.

ರೋಗಕ್ಕೆ ಕಾರಣರಾರು? ಹೆಸರು ಕೆಡುವುದು ಸಾಮಾನ್ಯವಾಗಿ ಅಂಚೆಯ ತಂತ್ರಾಂಶದ್ದು. ಆದರೆ ವೀಟ್ಸೆ ವೆನೆಮಾ ಎಂಬವರು ರಚಿಸಿ, 1998ರಲ್ಲಿ ಬೆಳಕಿಗೆ ಬಂದ ಪೋಸ್ಟ್‌ಫಿಕ್ಸ್, ಕೆಲಸವನ್ನು ಸಣ್ಣ ಸಣ್ಣ ಆಳುಗಳಿಗೆ ಹಂಚಿಕೊಟ್ಟು ಮಿತಾಹಾರದಲ್ಲಿ ಬಾಳುವಂತಹುದು. ದೊಡ್ಡ ಹೊಟ್ಟೆಯು ಅದರ ಪಕ್ಕದಲ್ಲಿ ಕುಳಿತು ಕಾಗದಗಳಲ್ಲಿ ವೈರಸ್ಸನ್ನು ಹುಡುಕುವ ಕ್ಲಾಮ್‌ಎವಿಯದು. ವೈರಸ್ಸುಗಳ ಗುರುತಿನ ಪಟ್ಟಿಯನ್ನೆಲ್ಲ ಮೆಮರಿಯಲ್ಲಿಯೇ ಇಟ್ಟುಕೊಳ್ಳುವುದರಿಂದ ಅದೊಂದಕ್ಕೇ 1 ಗಿಗಾಬೈಟಿಗಿಂತಲೂ ಹೆಚ್ಚು ಬೇಕು. ಅಷ್ಟಾದರೂ ಸೈರಿಸಬಹುದು. 2020ರಲ್ಲಿ ಬಂದ ಆವೃತ್ತಿಯಿಂದ ಈಚೆಗೆ, ಹೊಸ ಪಟ್ಟಿ ಬಂದಾಗ ಅದು ಹಳೆಯದನ್ನು ಕೈಬಿಡದೆಯೇ ಹೊಸದನ್ನೂ ತುಂಬಿಕೊಳ್ಳುವುದು. ತಪಾಸಣೆಯು ಕ್ಷಣವೂ ನಿಲ್ಲಬಾರದೆಂಬುದು ರಚಿಸಿದವರ ಸದುದ್ದೇಶ. ಆದರೆ ಅಷ್ಟು ಹೊತ್ತು ಅದರ ಹಸಿವು ಹೆಚ್ಚುಕಡಿಮೆ ಇಮ್ಮಡಿಯಾಗುವುದು. 2 ಗಿಗಾಬೈಟಿನ ಬಡ ಯಂತ್ರವು ಇದನ್ನೆಲ್ಲಿ ತಾಳೀತು! ಆಗ ಲಿನಕ್ಸಿನ ಕರ್ನಲ್ ಉಳಿದವರ ರಕ್ಷಣೆಗಾಗಿ, ಸಾಮಾನ್ಯವಾಗಿ ಅತಿ ಹೆಚ್ಚು ತಿನ್ನುವವನನ್ನೇ ಕೊಂದು, ಆ ಮರಣವನ್ನು ತನ್ನ ದಾಖಲೆಯಲ್ಲಿ ಬರೆದಿಡುವುದು. ಆ ಸಾಲಿನ ವೇಳೆಯನ್ನೂ ಹೊಸ ಪಟ್ಟಿ ಬಂದ ವೇಳೆಯನ್ನೂ ಒತ್ತಟ್ಟಿಗಿಟ್ಟು ನೋಡಿದವನಿಗೆ ಬೇರೆ ಸಾಕ್ಷಿ ಬೇಡ.

ಹಣವಿದ್ದವನು ಮೆಮರಿಯನ್ನು ಕೊಳ್ಳುವನು. ಇಲ್ಲದವನು ಕ್ಲಾಮ್‌ಎವಿಯ ವ್ಯವಸ್ಥಾಕಡತದಲ್ಲಿ, ಎರಡು ಪಟ್ಟಿಗಳನ್ನು ಒಟ್ಟಿಗೆ ಹೊರುವುದು ಬೇಡವೆಂದು ಒಂದು ಸಾಲು ಬರೆದರಾಯಿತು. ಪಟ್ಟಿ ಬದಲಾಗುವಷ್ಟು ಹೊತ್ತು ಕಾಗದಗಳು ಕಾಯಬೇಕಾಗುವುದು, ಅಷ್ಟೆ. ತಪಾಸಣೆಯನ್ನೇ ಕಿತ್ತೊಗೆದು ನೆಮ್ಮದಿ ಪಡೆಯುವವರೂ ಉಂಟು. ಅದು ಕಾವಲುಗಾರನು ಬಹಳ ಉಣ್ಣುವನೆಂದು ಬಾಗಿಲನ್ನು ತೆರೆದಿಟ್ಟಂತೆ.

ತಪಾಸಕನು ಸತ್ತಾಗ ಕಾಗದಗಳು ಒಡನೆ ನಾಶವಾಗುವುದಿಲ್ಲವೆಂಬುದೊಂದು ಸಮಾಧಾನ. 'ಆಮೇಲೆ ಬನ್ನಿ' ಎಂಬ ಉತ್ತರ ದೊರೆತರೆ, ಕಳುಹಿಸಿದ ಕಡೆಯ ಸರ್ವರು ಅವನ್ನು ಇಟ್ಟುಕೊಂಡು ಮತ್ತೆ ಮತ್ತೆ ಬಾಗಿಲು ತಟ್ಟುವುದು. ಪೋಸ್ಟ್‌ಫಿಕ್ಸ್ ರೂಢಿಯಂತೆ 5 ದಿನ ತಟ್ಟಿ, ಬಳಿಕ ಕಳುಹಿಸಿದವರಿಗೇ ಹಿಂದಿರುಗಿಸುವುದು. ಉದ್ಯೋಗದ ಕರೆಗೆ 5 ದಿನವೆಂಬುದು ಸಣ್ಣ ಕಾಲವಲ್ಲ. ಆ ಒಂದು ಸಾಲನ್ನು ಬರೆದು ತಪಾಸಕನನ್ನು ಎಬ್ಬಿಸಿದ ಮೇಲೆ, ದಾರಿಯಲ್ಲಿ ತಡೆದಿದ್ದ ಕಾಗದಗಳು ಒಂದೊಂದಾಗಿ ಒಳಗೆ ಬರತೊಡಗುವುವು.