ಚಿಮಣಿ ಕೊಳ್ಳಲು ಹೋದವನ ಕಥೆ

ಉಜ್ವಲಾ ಯೋಜನೆ 2016ರಲ್ಲಿ ಶುರುವಾದ ಮೇಲೆ ಹೊಗೆಯ ಬಗ್ಗೆ ಎಷ್ಟು ಸುದ್ದಿ ಕಳಿಸಿದ್ದೇನೋ ಲೆಕ್ಕವಿಲ್ಲ. ಎಚ್.ಡಿ. ಕೋಟೆ ಕಡೆ ಹೋದಾಗ ಸಿಲಿಂಡರನ್ನು ಮೂಲೆಗಿಟ್ಟು ಸೌದೆ ಒಲೆಯಲ್ಲೇ ಬೇಯಿಸುವ ಮನೆಗಳನ್ನು ಕಂಡು ಬರೆದಿದ್ದೇನೆ. ನಮ್ಮ ಅಡುಗೆಮನೆ ಮಾತ್ರ ಸುದ್ದಿಯಾಗಿ ಕಂಡಿರಲೇ ಇಲ್ಲ.

ಕಳೆದ ಚಳಿಗಾಲದಲ್ಲಿ ಅವ್ವ ಊರುಬಿಟ್ಟು ಮೈಸೂರಿಗೆ ನಮ್ಮ ಜೊತೆ ಇರಲು ಬಂದಳು. ನಲವತ್ತು ವರ್ಷ ಊದುಗೊಳವೆ ಹಿಡಿದ ಜೀವ. ಇಲ್ಲಿ ಸೌದೆ ಇಲ್ಲ, ಆದರೂ ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದರೆ ಸಾಕು, ಕೆಮ್ಮಿ ಕೆಮ್ಮಿ ಹಾಲ್‌ನಲ್ಲಿ ಕೂತುಬಿಡುತ್ತಾಳೆ. "ಶ್ವಾಸಕೋಶ ಬಳಲಿದೆ, ಇನ್ನು ಘಾಟು ತಾಗಬಾರದು" ಎಂದರು ಡಾಕ್ಟರು.

ಬಾಕಿ ಇದ್ದ ಬಿಲ್ ಬಂದ ದಿನವೇ ದೇವರಾಜ ಅರಸು ರಸ್ತೆಗೆ ಹೋದೆ. ಎಲ್ಲ ಚಿಮಣಿಗಳ ಮೇಲೂ 1200, 1400 ಎಂಬ ಅಂಕಿ. ಗಂಟೆಗೆ ಎಷ್ಟು ಘನಮೀಟರ್ ಗಾಳಿ ಎಳೆಯುತ್ತದೆ ಎಂಬ ಲೆಕ್ಕವದು. ಮನೆಗೆ ಬಂದು ಟೇಪ್ ಹಿಡಿದೆ. ನಮ್ಮ ಅಡುಗೆಮನೆ 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರ. ಅಂದರೆ ಸುಮಾರು 23 ಘನಮೀಟರ್. ಗಂಟೆಗೆ ಹದಿನೈದು ಸಲ ಗಾಳಿ ಬದಲಾಗಲಿ ಎಂದರೂ 345 ಸಾಕು. ಕೊಳವೆ ಉದ್ದವಾದಷ್ಟೂ, ತಿರುವು ಹೆಚ್ಚಾದಷ್ಟೂ ಎಳೆತ ಕುಗ್ಗುತ್ತದೆ, ನಿಜ. ಆದರೂ ದೊಡ್ಡ ಅಂಕಿಗೆ ದುಡ್ಡು ಸುರಿಯಬೇಕಿರಲಿಲ್ಲ.

ನಿಜವಾದ ಪ್ರಶ್ನೆ ಕೊಳವೆಯದು. ನಮ್ಮದು ಬಾಡಿಗೆ ಮನೆ. ಗೋಡೆಗೆ ಆರಿಂಚಿನ ತೂತು ಎಂದ ಕೂಡಲೇ ಓನರ್ ಕೈ ಆಡಿಸಿದರು. "ಹಾಗಾದ್ರೆ ಕೊಳವೆ ಇಲ್ಲದ್ದೇ ತಗೊಳ್ಳಿ ಸಾರ್" ಎಂದ ಅಂಗಡಿಯ ಹುಡುಗ. ಅದರ ಕೆಲಸ ಏನೆಂದು ಕೇಳಿದೆ. ಜಿಡ್ಡನ್ನು ಜಾಲರಿ ಹಿಡಿಯುತ್ತದೆ, ವಾಸನೆಯನ್ನು ಇದ್ದಿಲು ಹೀರುತ್ತದೆ, ಗಾಳಿ ಮತ್ತೆ ಒಳಗೇ ಬರುತ್ತದೆ. ಒಲೆ ಉರಿದು ಹುಟ್ಟುವ ಅನಿಲ, ಬಿಸಿ, ತೇವ ಎಲ್ಲ ಅಲ್ಲೇ. ಇದ್ದಿಲನ್ನು ಆಗಾಗ ಬದಲಿಸುವ ಖರ್ಚು ಬೇರೆ. ಅವ್ವನಿಗೆ ಬೇಕಿದ್ದದ್ದು ಹೊಗೆ ಹೊರಹೋಗುವುದು, ವಾಸನೆ ಮುಚ್ಚುವುದಲ್ಲ.

ಚಿಮಣಿ ಬಿಟ್ಟೆ. ಒಲೆಯ ಮೇಲಿನ ಗವಾಕ್ಷಿಯ ಗಾಜು ತೆಗೆಸಿ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆ. ಅದಕ್ಕೆ ಓನರ್ ತಕರಾರು ಮಾಡಲಿಲ್ಲ. ಚಿಮಣಿಯ ಬೆಲೆಯ ಕಾಲುಭಾಗವೂ ಆಗಲಿಲ್ಲ. ಎದುರಿನ ಬಾಗಿಲು ಸ್ವಲ್ಪ ತೆರೆದಿರಬೇಕು, ಇಲ್ಲದಿದ್ದರೆ ಫ್ಯಾನ್ ಎಳೆಯುವುದು ಏನನ್ನು? ಒಲೆ ಹಚ್ಚುವ ಮುಂಚೆ ಹಾಕಿ, ಆರಿಸಿದ ಮೇಲೂ ಹತ್ತು ನಿಮಿಷ ಬಿಡುತ್ತೇವೆ. ಜಿಡ್ಡು ಕಟ್ಟುತ್ತದೆ, ತಿಂಗಳಿಗೊಮ್ಮೆ ಒರೆಸುವ ಪಾಳಿ ನನ್ನದು.

ಅವ್ವನ ಕೆಮ್ಮು ಪೂರ್ತಿ ಹೋಗಿಲ್ಲ. ನಲವತ್ತು ವರ್ಷದ್ದನ್ನು ಯಾವ ಫ್ಯಾನೂ ಎಳೆದು ಹಾಕುವುದಿಲ್ಲ. ಆದರೆ ಒಗ್ಗರಣೆ ಹೊತ್ತಿಗೆ ಹಾಲ್‌ಗೆ ಓಡುವುದು ನಿಂತಿದೆ. ಮೊನ್ನೆ ಫ್ಯಾನ್ ನೋಡುತ್ತಾ, "ಊರಲ್ಲೂ ಒಲೆ ಮೇಲೊಂದು ಕಿಂಡಿ ಇಕ್ಕಿಸ್‌ಬೋದಿತ್ತಲ್ಲ ಮಗ" ಅಂದಳು.

ಅಷ್ಟು ಸುದ್ದಿಗಳಲ್ಲಿ ಸಿಲಿಂಡರ್ ಎಷ್ಟು ತುಂಬಿಸಿದಿರಿ ಎಂದು ಕೇಳಿದ್ದೆ. ಅಡುಗೆಮನೆಗೆ ಕಿಂಡಿ ಎಲ್ಲಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ.