ನನ್ನ ಮಾತ್ರೆ ನಿನಗಾಗದು

ಜಿಂಜಾ, ಉಗಾಂಡ

ಪ್ರೀತಿಯ ತಮ್ಮನಿಗೆ,

ರಾಮನಗರದ ರೇಷ್ಮೆ ರೀಲರುಗಳು ಮಾತಾಡುತ್ತಲೇ ಮಾಡಿ ಮುಗಿಸುವ ಕೆಲಸವನ್ನು ಇಲ್ಲಿ ಮೊದಲಿಂದ ಕಲಿಸಬೇಕು: ಗೂಡು ಎಷ್ಟು ಬೇಯಬೇಕು, ಎಳೆ ಎಲ್ಲಿ ಸಿಗುತ್ತದೆ, ತುಂಡಾದರೆ ಹೇಗೆ ಸೇರಿಸುವುದು. ಹುಡುಗಿಯರು ಚುರುಕು, ಬೇಗ ಕೈ ಕುದುರುತ್ತಿದೆ. ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಡುವುದು ಇದೇ ಊರಲ್ಲಿ. ಗಾಂಧೀಜಿ ಚಿತಾಭಸ್ಮದ ಒಂದು ಪಾಲನ್ನು 1948ರಲ್ಲಿ ಇಲ್ಲೂ ಬಿಟ್ಟರು, ದಡದಲ್ಲಿ ಅವರ ಪ್ರತಿಮೆಯಿದೆ. ಅಪ್ಪನಿಗೆ ಹೇಳು, ಖುಷಿಪಡುತ್ತಾರೆ.

ಇನ್ನು ಹೆಂಡತಿ, ಪುಟ್ಟನ ಜೊತೆ ನೀನು ಇಲ್ಲಿಗೆ ಬರುವ ಬಗ್ಗೆ ಕೇಳಿದ ಪ್ರಶ್ನೆ. "ನೀನು ನುಂಗೋ ಮಲೇರಿಯಾ ಮಾತ್ರೆ ಹೆಸರು ಕಳಿಸು, ಚನ್ನಪಟ್ಟಣದಲ್ಲೇ ಮೂರು ಜನಕ್ಕೂ ತಗೊಂಡುಬಿಡ್ತೀನಿ" ಅಂದಿದ್ದೀಯ. ಆ ಕೆಲಸ ಮಾತ್ರ ಮಾಡಬೇಡ. ಅಂಗಡಿಯವರು ಕ್ಲೋರೊಕ್ವಿನ್ ಸಾಕು ಅಂದರಂತೆ. ನಮ್ಮ ಕಡೆಯ ಚಳಿಜ್ವರ ಹೆಚ್ಚಾಗಿ ವೈವಾಕ್ಸ್ ಜಾತಿಯದು, ಅದಕ್ಕೆ ಕ್ಲೋರೊಕ್ವಿನ್ ಇವತ್ತಿಗೂ ನಡೆಯುತ್ತದೆ. ಇಲ್ಲಿರುವುದು ಫಾಲ್ಸಿಪಾರಂ. ಆಫ್ರಿಕಾದಲ್ಲಿ ಅದು ಕ್ಲೋರೊಕ್ವಿನ್‌ಗೆ ಬಗ್ಗುವುದನ್ನು ಬಿಟ್ಟು ದಶಕಗಳೇ ಆದವು. ಒಂದೆರಡು ದಿನ ಅಲಕ್ಷ್ಯ ಮಾಡಿದರೆ ಮಿದುಳಿಗೇರುವ ಜ್ವರ ಅದು. ನಮಗೆ ಸೊಳ್ಳೆ ಕಡಿದು ಅಭ್ಯಾಸ ಅನ್ನುವ ಧೈರ್ಯವೂ ಬೇಡ. ಇಲ್ಲೇ ಹುಟ್ಟಿದವರು ಕೆಲವು ವರ್ಷ ಪರದೇಶದಲ್ಲಿದ್ದು ಬಂದರೆ ಅವರಿಗೇ ಮಲೇರಿಯಾ ತಡೆಯುವ ಶಕ್ತಿ ಕುಗ್ಗಿರುತ್ತದೆ.

ನಾನು ತೆಗೆದುಕೊಳ್ಳುವುದು ಮೆಫ್ಲೋಕ್ವಿನ್, 250 ಮಿಲಿಗ್ರಾಂ, ಪ್ರತಿ ಭಾನುವಾರ ಊಟವಾದ ಮೇಲೆ ಒಂದು. ಆರು ವಾರಕ್ಕಿಂತ ಹೆಚ್ಚು ಇರುವವರಿಗೆ ನಮ್ಮ ಸರ್ಕಾರದ ಮಾರ್ಗಸೂಚಿ ಹೇಳುವುದೂ ಅದನ್ನೇ: ಹೊರಡುವ ಎರಡು ವಾರ ಮೊದಲು ಶುರು, ವಾಪಸಾದ ಮೇಲೂ ನಾಲ್ಕು ವಾರ. ಮೊದಲೇ ಶುರು ಮಾಡುವುದರಲ್ಲಿ ಇನ್ನೊಂದು ಲಾಭವಿದೆ. ಕೆಲವರಿಗೆ ಇದರಿಂದ ಕೆಟ್ಟ ಕನಸು, ನಿದ್ದೆಗೇಡು, ತಲೆಸುತ್ತು, ಸುಮ್ಮಸುಮ್ಮನೆ ಗಾಬರಿ. ಅದು ಊರಲ್ಲಿರುವಾಗಲೇ ಗೊತ್ತಾದರೆ ಬೇರೆ ಮಾತ್ರೆಗೆ ಹೋಗಬಹುದು. ನನಗೆ ಒಗ್ಗಿತು. ಆದರೆ ನಿನಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತಲ್ಲ, ಅಮ್ಮನನ್ನು ಕೇಳು. ಫಿಟ್ಸ್, ಮನಸ್ಸಿನ ಕಾಯಿಲೆ, ಹೃದಯದ ತೊಂದರೆ ಇದ್ದವರಿಗೆ ಇದನ್ನು ಕೊಡುವುದಿಲ್ಲ.

ಡಾಕ್ಸಿಸೈಕ್ಲಿನ್ ಅಗ್ಗ, ಎಲ್ಲೆಡೆ ಸಿಗುತ್ತದೆ. ದಿನಕ್ಕೊಂದು 100 ಮಿಲಿಗ್ರಾಂ, ವಾಪಸಾದ ಮೇಲೂ ನಾಲ್ಕು ವಾರ. ಸರ್ಕಾರ ಇದನ್ನು ಆರು ವಾರದೊಳಗಿನ ಪ್ರವಾಸಕ್ಕೆ ಹೇಳಿದೆ, ಹೆಚ್ಚು ಕಾಲ ಬೇಕಾದರೆ ವೈದ್ಯರೇ ನಿರ್ಧರಿಸಬೇಕು. ಬಿಸಿಲಿಗೆ ಮೈ ಸುಡುತ್ತದೆ, ಹಿಪ್ಪುನೇರಳೆ ತೋಟದಲ್ಲಿ ದಿನವಿಡೀ ನಿಲ್ಲುವವನು ನೀನು. ನುಂಗಿದ ತಕ್ಷಣ ಮಲಗಿದರೆ ಅನ್ನನಾಳ ಹುಣ್ಣಾಗಬಹುದು. ಎಂಟು ವರ್ಷದೊಳಗಿನ ಮಕ್ಕಳಿಗೆ ಕೊಡುವಂತಿಲ್ಲ, ಹಾಗಾಗಿ ಪುಟ್ಟನಿಗೆ ಅದಿಲ್ಲ. ಅವನಿಗೆ ಬೇರೆಯದನ್ನು ತೂಕ ನೋಡಿ ಅಳೆದು ಕೊಡಬೇಕು. ನಿನ್ನ ಹೆಂಡತಿಗೆ ಎರಡನೆಯ ಮಗುವಿನ ಯೋಚನೆ ಇದ್ದರೆ ಸಂಕೋಚಪಡದೆ ವೈದ್ಯರಿಗೆ ಹೇಳಲಿ, ಅವಳ ಲೆಕ್ಕವೂ ಬದಲಾಗುತ್ತದೆ. ಅಟೊವಾಕ್ವೋನ್-ಪ್ರೋಗ್ವಾನಿಲ್ ಅಂತ ಮೂರನೆಯದಿದೆ: ತೊಂದರೆ ಕಡಿಮೆ, ವಾಪಸಾದ ಮೇಲೆ ಏಳೇ ದಿನ. ಆದರೆ ದುಬಾರಿ, ಎಲ್ಲ ಅಂಗಡಿಯಲ್ಲೂ ಸಿಗದು. ನನ್ನ ಕೇಳಿದರೆ ನಿನಗೆ ದುಡ್ಡು ಹೋದರೂ ಇದೇ ವಾಸಿ, ಆದರೆ ಕೊನೆಯ ಮಾತು ಬೆಂಗಳೂರಿನ ವೈದ್ಯರದ್ದು. ಪ್ರಯಾಣಕ್ಕೆ ಒಂದು ತಿಂಗಳಿರುವಾಗಲೇ ಮೂವರೂ ಹೋಗಿ ಬನ್ನಿ. ಹಳದಿ ಜ್ವರದ ಲಸಿಕೆಯನ್ನೂ ಆಗಲೇ ಮುಗಿಸಿ, ಅದರ ಸರ್ಟಿಫಿಕೇಟು ಹತ್ತು ದಿನವಾದ ಮೇಲಷ್ಟೇ ಚಾಲ್ತಿಗೆ ಬರುತ್ತದೆ.

ಯಾವ ಮಾತ್ರೆಯೂ ನೂರಕ್ಕೆ ನೂರು ಕಾಯುವುದಿಲ್ಲ. ಸೊಳ್ಳೆ ಪರದೆ ಬೇಕೇ ಬೇಕು. ಇಲ್ಲಿ ಸರ್ಕಾರವೇ ಮದ್ದು ಹಚ್ಚಿದ ಪರದೆಗಳನ್ನು ಮನೆಮನೆಗೆ ಹಂಚುತ್ತದೆ. ನಮ್ಮಲ್ಲಿ ರೇಷ್ಮೆ ಹುಳ ಸಾಯುತ್ತವೆಂದು ಹುಳು ಮನೆಯ ಗೋಡೆಗೆ ಮದ್ದು ಹೊಡೆಯಲು ಬಿಡುವುದಿಲ್ಲವಲ್ಲ, ಕೋಲಾರದ ರೇಷ್ಮೆ ಹಳ್ಳಿಗಳಲ್ಲೂ ಇದೇ ತಕರಾರು. ಅದಕ್ಕೇ ಮಲೇರಿಯಾ ಸಂಶೋಧಕರು ಅಲ್ಲಿನ ಬಾವಿಗಳಿಗೆ ಗಪ್ಪಿ, ಗಂಬೂಸಿಯಾ ಮೀನು ಬಿಟ್ಟು ಸೊಳ್ಳೆಮರಿ ತಿನ್ನಿಸಿದರು. ಚೆನ್ನಾದ ಉಪಾಯ, ನಮ್ಮ ತೊಟ್ಟಿಗೂ ಬಿಡಬಹುದು.

ಇಲ್ಲಿ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ. ಊರಿಗೆ ಮರಳಿ ತಿಂಗಳುಗಳಾದ ಮೇಲೆ ಬಂದರೂ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು "ಉಗಾಂಡದಲ್ಲಿದ್ದೆ" ಅನ್ನುವುದು. ಮತ್ತೆ, ವಾಪಸ್ ಹೋಗುವಾಗ ಪರದೆ ಚೆನ್ನಾಗಿದೆಯೆಂದು ಮಡಿಸಿ ಪೆಟ್ಟಿಗೆಗೆ ಹಾಕಿಕೊಳ್ಳಬೇಡ. ಅದರಲ್ಲಿರುವುದು ಪೈರಿಥ್ರಾಯ್ಡ್ ಎಂಬ ಕೀಟನಾಶಕ, ಹುಳು ಮನೆಗೆ ಹೋದರೆ ಒಂದು ಬೆಳೆಯೇ ಹೋಗುತ್ತದೆ.

ಇಂತು ನಿನ್ನ ಅಣ್ಣ